ಅರಿವಳಿಕೆ ಕೊಟ್ಟವರು ಯಾರು?

ನಮ್ಮ ಅರಸೀಕೆರೆಯ ಕಡೆ ಯಾರಿಗಾದರೂ ಹಾರ್ಟ್ ಆಪರೇಷನ್ ಆಯಿತೆಂದರೆ, ನೋಡಲು ಹೋದವರು ಕೇಳುವ ಪ್ರಶ್ನೆಗಳು ಮೂರೇ ಮೂರು. ಯಾವ ಆಸ್ಪತ್ರೆ? ಎಷ್ಟು ಖರ್ಚಾಯಿತು? ಆಪರೇಷನ್ ಮಾಡಿದ ಡಾಕ್ಟರು ಯಾರು? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಕಾಫಿ ಕುಡಿದು, ಹಣ್ಣಿನ ಚೀಲವನ್ನು ಮೂಲೆಗಿಟ್ಟು, 'ದೇವರು ದೊಡ್ಡವನು' ಎಂದು ಎದ್ದು ಬರುತ್ತೇವೆ. ನಾಲ್ಕನೆಯ ಪ್ರಶ್ನೆಯೊಂದಿದೆ. ಅರಿವಳಿಕೆ ಕೊಟ್ಟವರು ಯಾರು? ಏನು ಕೊಟ್ಟರು? ಅದನ್ನು ಕೇಳಿದ ಒಬ್ಬರನ್ನೂ ನಾನು ಈ ತನಕ ಕಂಡಿಲ್ಲ. ಆ ಪ್ರಶ್ನೆಯನ್ನು ಕೇಳದಿರುವುದರಿಂದ ಆಗುವ ನಷ್ಟ ಕೊನೆಗೆ ಬಂದು ಬೀಳುವುದು ಹೆಂಗಸರ ತಲೆಯ ಮೇಲೆ ಎಂಬುದೇ ಈ ಬರಹದ ತಕರಾರು.

2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೆಸರು ದಿನಾ ಪತ್ರಿಕೆಯಲ್ಲಿ. ಇಂದು ಬೇಲೂರಿನಲ್ಲಿ ಒಬ್ಬರು, ನಾಳೆ ಹೊಳೆನರಸೀಪುರದಲ್ಲಿ ಒಬ್ಬರು ಎಂದು ಹೃದಯಾಘಾತದ ಸಾವುಗಳನ್ನು ಲೆಕ್ಕ ಹಾಕುತ್ತ ಕೂತರು. ಜನ ಗಾಬರಿಯಿಂದ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ಸರ್ಕಾರ ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ಬಂದ ವರದಿಯ ಪ್ರಕಾರ ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು. ಉಳಿದವು ಬೇರೆ ಕಾರಣದವು. ಆ ಎರಡು ತಿಂಗಳಲ್ಲಿ ನಮ್ಮ ಹೆಂಗಸರೆಲ್ಲ ಇ.ಸಿ.ಜಿ., ಎಕೋ, ಆಂಜಿಯೋಗ್ರಾಂ ಎಂಬ ಮಾತುಗಳನ್ನು ಕಲಿತರು. ಒಳ್ಳೆಯದೇ ಆಯಿತು. ಆದರೆ ಆಂಜಿಯೋಗ್ರಾಂ ಆದ ಮೇಲೆ ಕೆಲವರಿಗೆ ಬೈಪಾಸ್ ಎನ್ನುತ್ತಾರೆ, ಕೆಲವರಿಗೆ ವಾಲ್ವ್ ಬದಲಿಸಬೇಕು ಎನ್ನುತ್ತಾರೆ. ಅಲ್ಲಿಂದ ಮುಂದೆ ನಮ್ಮ ತಿಳಿವಳಿಕೆಗೆ ಬಾಗಿಲು ಹಾಕಿಕೊಳ್ಳುತ್ತದೆ, ಆಪರೇಷನ್ ಥಿಯೇಟರಿನ ಬಾಗಿಲಿನ ಹಾಗೆಯೇ.

ನಾನು ಬಿ.ಎ., ಬಿ.ಇಡಿ. ಮಾಡಿ ಮಕ್ಕಳಿಗೆ ಪಾಠ ಹೇಳುವವಳು. ವೈದ್ಯಳಲ್ಲ. ಯಾವ ಮದ್ದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತೀರ್ಪು ಕೊಡಲು ಹೊರಟಿಲ್ಲ. ಓದಲು ಬರುತ್ತದೆ, ಓದಿದ್ದನ್ನು ವಿವರಿಸುವುದು ನನ್ನ ಕಸುಬು. ಅಷ್ಟರ ಬಲದ ಮೇಲೆ ಹೇಳುತ್ತಿದ್ದೇನೆ.

ಹೃದಯದ ಆಪರೇಷನ್ ಎಂದರೆ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ ತೆರೆಯುವುದು. ನಾಲ್ಕು, ಐದು, ಕೆಲವೊಮ್ಮೆ ಅದಕ್ಕೂ ಹೆಚ್ಚು ಗಂಟೆಯ ಕೆಲಸ. ಅನೇಕ ಆಪರೇಷನ್ನುಗಳಲ್ಲಿ ಹೃದಯವನ್ನೇ ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಓಡಿಸುತ್ತಾರೆ. ಸರ್ಜನ್ನರ ಕಣ್ಣು, ಕೈ ಎರಡೂ ಆ ಅಂಗೈಯಗಲದ ಜಾಗದಲ್ಲಿ ನೆಟ್ಟಿರುತ್ತವೆ. ಉಳಿದ ಶರೀರವನ್ನೆಲ್ಲ ಕಾಯುವವರು ಯಾರು? ಉಸಿರು, ರಕ್ತದೊತ್ತಡ, ಮೈಶಾಖ, ಸಕ್ಕರೆ, ಮೂತ್ರ, ನೋವು, ಎಚ್ಚರ, ಇವೆಲ್ಲವನ್ನೂ ನಿಮಿಷ ನಿಮಿಷಕ್ಕೂ ನೋಡುತ್ತ ತಲೆಯ ಪಕ್ಕದಲ್ಲಿ ಇರುವವರು ಅರಿವಳಿಕೆ ತಜ್ಞರು. ಮದುವೆ ಮನೆಯಲ್ಲಿ ಹಸೆಮಣೆಯ ಮೇಲೆ ಕೂತವರನ್ನು ಎಲ್ಲರೂ ನೋಡುತ್ತಾರೆ. ಉಗ್ರಾಣದ ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಮೂರು ದಿನ ನಿದ್ದೆಗೆಟ್ಟವಳನ್ನು ಯಾರು ನೋಡುತ್ತಾರೆ? ಹೆಂಗಸರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಷ್ಟು ಹಳೆಯದು. ಅಲ್ಲಿನ ಮದನಿಕೆಯರ ಕೆಳಗೆ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಕೆತ್ತಿಟ್ಟ ತನ್ನ ಹೆಸರನ್ನು ಇವತ್ತೂ ಓದಬಹುದು. ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಯುನೆಸ್ಕೋ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾವೆಲ್ಲ ಸಿಹಿ ಹಂಚಿದೆವು. ಕಲ್ಲಿನಲ್ಲಿ ಕೆಲಸ ಮಾಡಿದವನು 'ಇದು ನಾನು ಮಾಡಿದ್ದು' ಎಂದು ಒಂಬೈನೂರು ವರ್ಷದ ಹಿಂದೆಯೇ ಹೊಣೆ ಹೊತ್ತು ಹೆಸರು ಹಾಕಿದ ಸೀಮೆ ನಮ್ಮದು. ಜೀವವಿರುವ ಮೈಯ ಮೇಲೆ ಐದು ಗಂಟೆ ಕೆಲಸ ಮಾಡಿದವರ ಹೆಸರು ರೋಗಿಯ ಮನೆಯವರಿಗೆ ಗೊತ್ತಿರುವುದಿಲ್ಲ ಎಂದರೆ ಏನು ಹೇಳುವುದು?

ಅರಿವಳಿಕೆಯ ಚರಿತ್ರೆಯೂ ಇಂಥದೇ. 1846ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ತೋರಿಸಿದ್ದನ್ನು ಪಠ್ಯಪುಸ್ತಕಗಳು ಹೇಳುತ್ತವೆ. ನಮ್ಮ ಪಕ್ಕದ ಹೈದರಾಬಾದಿನಲ್ಲಿ 1880ರ ದಶಕದ ಕೊನೆಯಲ್ಲಿ ಕ್ಲೋರೋಫಾರಂ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸಲು ಆಯೋಗಗಳೇ ಕೂತಿದ್ದವು. ಆ ಕಾಲದಲ್ಲಿ ಅಲ್ಲಿ ಕ್ಲೋರೋಫಾರಂ ಕೊಡುತ್ತಿದ್ದವರಲ್ಲಿ ರೂಪಾಬಾಯಿ ಫರ್ದುಂಜಿ ಎಂಬ ಪಾರ್ಸಿ ಹೆಣ್ಣುಮಗಳೂ ಒಬ್ಬರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಅವರೇ ಎಂದು ಈಗ ಗುರುತಿಸುತ್ತಾರೆ. ನಮ್ಮ ಶಾಲೆಯ ಯಾವ ಪುಸ್ತಕದಲ್ಲೂ ಆ ಹೆಸರನ್ನು ನಾನು ಕಂಡಿಲ್ಲ. ಮತ್ತು ಬರಿಸುವ ಕೆಲಸಕ್ಕೆ ಮೊದಲಿನಿಂದಲೂ ಹೆಸರಿಲ್ಲ.

ಇರಲಿ, ಮದ್ದಿನ ವಿಷಯಕ್ಕೆ ಬರೋಣ. ಅರಿವಳಿಕೆ ಎಂದರೆ ಒಂದು ಇಂಜೆಕ್ಷನ್ ಅಲ್ಲ. ನಿದ್ದೆ ಬರಿಸಲು ಒಂದು, ನೋವು ಕೊಲ್ಲಲು ಒಂದು, ಸ್ನಾಯು ಸಡಿಲಿಸಲು ಇನ್ನೊಂದು. ನಿದ್ದೆ ಬರಿಸುವುದರಲ್ಲೇ ಪ್ರೊಪೊಫಾಲ್, ಎಟೊಮಿಡೇಟ್, ಕೀಟಮಿನ್ ಎಂದು ಬೇರೆ ಬೇರೆ. ನಿದ್ದೆಯನ್ನು ಮುಂದುವರಿಸಲು ಕೆಲವರು ಸೆವೊಫ್ಲುರೇನ್, ಐಸೊಫ್ಲುರೇನ್ ಎಂಬ ಆವಿಯ ಮದ್ದನ್ನು ಉಸಿರಿನ ಮೂಲಕ ಕೊಡುತ್ತಾರೆ, ಕೆಲವರು ರಕ್ತನಾಳದ ಮೂಲಕವೇ ಹರಿಸುತ್ತಾರೆ. ನೋವಿಗೆ ಫೆಂಟನಿಲ್, ಮಾರ್ಫಿನ್. ಅಡುಗೆಯಲ್ಲಿ ಯಾವ ಎಣ್ಣೆ, ಯಾವ ಹುಳಿ ಎಂದು ಮನೆಮನೆಗೂ ಬೇರೆ ಇರುವ ಹಾಗೆ ಇಲ್ಲೂ ಆಯ್ಕೆ ಇದೆ. ಪ್ರೊಪೊಫಾಲ್ ರಕ್ತದೊತ್ತಡವನ್ನು ಇಳಿಸುತ್ತದೆ. ದುರ್ಬಲ ಹೃದಯದವರಿಗೆ ಎಟೊಮಿಡೇಟ್ ಕೊಟ್ಟರೆ ಒತ್ತಡ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಅದು ಮೂತ್ರಪಿಂಡದ ಮೇಲಿರುವ ಗ್ರಂಥಿಯ ಕೆಲಸವನ್ನು ಒಂದು ದಿನದ ಮಟ್ಟಿಗೆ ತಗ್ಗಿಸಬಲ್ಲದು. ಶರೀರ ಆಘಾತವನ್ನು ಎದುರಿಸಲು ಬೇಕಾದ ಕಾರ್ಟಿಸಾಲ್ ಬರುವುದು ಆ ಗ್ರಂಥಿಯಿಂದಲೇ. 1983ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರು, ತೀವ್ರ ನಿಗಾ ಘಟಕದಲ್ಲಿ ಎಟೊಮಿಡೇಟನ್ನು ದಿನಗಟ್ಟಲೆ ಹರಿಸಿದ ರೋಗಿಗಳಲ್ಲಿ ಸಾವು ಹೆಚ್ಚಾದುದನ್ನು ಕಂಡು ಎಚ್ಚರಿಸಿದರು. ಹಾಗೆ ಹರಿಸುವುದು ನಿಂತಿತು. ಒಂದು ಸಲ ಕೊಡುವುದರ ಬಗ್ಗೆ ವೈದ್ಯರಲ್ಲಿ ವಾದ ಇನ್ನೂ ಇದೆ.

ಪ್ರೊಪೊಫಾಲ್ ಕತೆ ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. ಅದು ನೋಡಲು ಹಾಲಿನ ಹಾಗೆ ಬಿಳಿ. ಸೋಯಾ ಎಣ್ಣೆ, ಮೊಟ್ಟೆಯ ಅಂಶ, ನೀರು ಸೇರಿಸಿ ಕಡೆದಂಥ ದ್ರವ. ಹಾಲನ್ನು ಬೇಸಗೆಯಲ್ಲಿ ಮುಚ್ಚದೆ ಹೊರಗಿಟ್ಟರೆ ಏನಾಗುತ್ತದೆ? ಸಂಜೆಗೆ ಒಡೆಯುತ್ತದೆ. ಈ ಮದ್ದಿನಲ್ಲಿಯೂ ರೋಗಾಣು ಬಿದ್ದರೆ ಗಂಟೆಗಳಲ್ಲಿ ಬೆಳೆಯುತ್ತದೆ. 1990ರ ಜೂನಿನಿಂದ 1993ರ ಫೆಬ್ರವರಿಯವರೆಗೆ ಅಮೆರಿಕದ ಏಳು ಆಸ್ಪತ್ರೆಗಳಲ್ಲಿ ಆಪರೇಷನ್ ನಂತರ ರೋಗಿಗಳಿಗೆ ಇದ್ದಕ್ಕಿದ್ದಂತೆ ಜ್ವರ, ರಕ್ತದಲ್ಲಿ ಸೋಂಕು, ಗಾಯದಲ್ಲಿ ಕೀವು ಕಾಣಿಸಿತು. ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಕೇಂದ್ರದವರು ಹಿಂದೆ ಬಿದ್ದು ಹುಡುಕಿದಾಗ ಸಿಕ್ಕಿದ್ದು ಪ್ರೊಪೊಫಾಲ್. ಕಾರ್ಖಾನೆಯಿಂದ ಬಂದ ಬಾಟಲಿಯಲ್ಲಿ ದೋಷವಿರಲಿಲ್ಲ. ಒಂದೇ ಬಾಟಲಿಯನ್ನು ಹಲವು ರೋಗಿಗಳಿಗೆ ಬಳಸಿದ್ದು, ಸಿರಿಂಜಿಗೆ ಮೊದಲೇ ತುಂಬಿಟ್ಟದ್ದು, ಕೈಗವಸು ಹಾಕದೆ ಮುಟ್ಟಿದ್ದು, ಇಂಥ ಸಣ್ಣ ಸಣ್ಣ ಅಸಡ್ಡೆಗಳು. 1995ರಲ್ಲಿ ಆ ವರದಿ ಪ್ರಕಟವಾಯಿತು. 1996ರಲ್ಲಿ ಅಲ್ಲಿ ಆ ಮದ್ದಿಗೆ ರೋಗಾಣು ಬೆಳೆಯದಂತೆ ತಡೆಯುವ ವಸ್ತುವೊಂದನ್ನು ಬೆರೆಸತೊಡಗಿದರು. ತೆರೆದ ಬಾಟಲಿ ಒಬ್ಬ ರೋಗಿಗೆ ಮಾತ್ರ, ಹರಿಸುವುದಾದರೆ 12 ಗಂಟೆಯೊಳಗೆ ಮುಗಿಸಬೇಕು ಅಥವಾ ಎಸೆಯಬೇಕು ಎಂಬ ಎಚ್ಚರಿಕೆ ಬಂತು. ನೆನ್ನೆಯ ಹಿಟ್ಟಿಗೆ ಇಂದಿನ ಹಿಟ್ಟು ಬೆರೆಸದ ಗೃಹಿಣಿಗೆ ಈ ನಿಯಮದ ತರ್ಕ ಹೊಸದಲ್ಲ.

ಹಾಗಾದರೆ ಮದ್ದು ಬದಲಿಸಿದರೆ ಎಲ್ಲ ಸರಿಹೋಗುತ್ತದೆಯೇ? ಅಷ್ಟು ಸುಲಭವಿಲ್ಲ. ಆವಿಯ ಮದ್ದು ಒಳ್ಳೆಯದೋ, ರಕ್ತನಾಳದ ಮದ್ದು ಒಳ್ಳೆಯದೋ ಎಂದು 13 ದೇಶಗಳಲ್ಲಿ 5,400 ಬೈಪಾಸ್ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ 2019ರಲ್ಲಿ ಬಂತು. ಒಂದು ವರ್ಷದ ಕೊನೆಗೆ ಒಂದು ಗುಂಪಿನಲ್ಲಿ ನೂರಕ್ಕೆ 2.8, ಇನ್ನೊಂದರಲ್ಲಿ 3.0 ಸಾವು. ವ್ಯತ್ಯಾಸವಿಲ್ಲವೆಂದೇ ಅರ್ಥ. ಇನ್ನೊಂದು ಪರೀಕ್ಷೆ ನೆದರ್ಲೆಂಡಿನದು, 2012ರದು. ಹೃದಯದ ಆಪರೇಷನ್ ಆದ 4,494 ಜನರಲ್ಲಿ ಅರ್ಧದಷ್ಟು ಮಂದಿಗೆ ಅರಿವಳಿಕೆಯ ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. ಸ್ಟಿರಾಯ್ಡ್ ಕೊಟ್ಟರೆ ಸೋಂಕು ಹೆಚ್ಚುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆಯಲ್ಲವೆ? ಅಲ್ಲಿ ತಿರುಗುಮುರುಗಾಯಿತು. ಕೊಟ್ಟವರಲ್ಲಿ ಸೋಂಕು ನೂರಕ್ಕೆ 9.5, ಕೊಡದವರಲ್ಲಿ 14.8. ಹಾಗೆಂದು ಕುಣಿದಾಡುವಂತಿಲ್ಲ. 2015ರಲ್ಲಿ 7,507 ರೋಗಿಗಳ ಮೇಲೆ ಇನ್ನೊಂದು ಸ್ಟಿರಾಯ್ಡನ್ನು ಪರೀಕ್ಷಿಸಿದಾಗ ಅಂಥ ಲಾಭ ಕಾಣಲಿಲ್ಲ. ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ವಾಟ್ಸಾಪಿನಲ್ಲಿ ಬಂದ ಒಂದು ಸಾಲು ಓದಿ 'ಆ ಮದ್ದು ಬೇಡ, ಈ ಮದ್ದು ಕೊಡಿ' ಎಂದು ಡಾಕ್ಟರ ಮುಂದೆ ಹಟ ಹಿಡಿಯಿರಿ ಎಂಬುದು ನನ್ನ ಮಾತಲ್ಲ. ಮದ್ದನ್ನು ಆರಿಸುವುದು ಅವರ ವಿದ್ಯೆ. ಯಾಕೆ ಆರಿಸಿದಿರಿ, ಹೇಗೆ ಕಾಯುತ್ತೀರಿ ಎಂದು ಕೇಳುವುದು ನಮ್ಮ ಹಕ್ಕು.

ಸೋಂಕಿನ ವಿಷಯದಲ್ಲಿ ಮದ್ದಿನ ಹೆಸರಿಗಿಂತ ದೊಡ್ಡದು ಗಡಿಯಾರ. ಗಾಯಕ್ಕೆ ಸೋಂಕು ತಗಲದಂತೆ ಕೊಡುವ ಆಂಟಿಬಯಾಟಿಕ್ಕನ್ನು ಯಾವಾಗ ಕೊಟ್ಟರು ಎಂಬುದರ ಮೇಲೆ ಎಲ್ಲ ನಿಂತಿದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 2,847 ಆಪರೇಷನ್ನುಗಳನ್ನು ಗಮನಿಸಿ 1992ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಚರ್ಮ ಕೊಯ್ಯುವುದಕ್ಕೆ ಮುಂಚಿನ ಎರಡು ಗಂಟೆಯೊಳಗೆ ಕೊಟ್ಟವರಲ್ಲಿ ಸೋಂಕು ನೂರಕ್ಕೆ 0.6, ಅದಕ್ಕಿಂತ ಬಹಳ ಮೊದಲೇ ಕೊಟ್ಟವರಲ್ಲಿ 3.8. ಅದೇ ಮದ್ದು, ಅದೇ ದುಡ್ಡು, ಹೊತ್ತು ತಪ್ಪಿದರೆ ಆರು ಪಟ್ಟು ವ್ಯತ್ಯಾಸ. ಈಗ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಎನ್ನುತ್ತಾರೆ. ಆಪರೇಷನ್ ಉದ್ದವಾದರೆ ನಡುವೆ ಮತ್ತೊಮ್ಮೆ ಕೊಡಬೇಕು. ಹೀಗೆ ಹೊತ್ತಿಗೆ ಸರಿಯಾಗಿ ಕೊಡುವ ಕೈ ಬಹುಪಾಲು ಅರಿವಳಿಕೆಯವರದೇ. ಸಕ್ಕರೆಯದೂ ಅಷ್ಟೇ. ಪೋರ್ಟ್‌ಲ್ಯಾಂಡಿನಲ್ಲಿ ಹೃದಯದ ಆಪರೇಷನ್ ಆದ 2,467 ಸಕ್ಕರೆ ಕಾಯಿಲೆಯವರ ಲೆಕ್ಕ 1999ರಲ್ಲಿ ಬಂತು. ಇನ್ಸುಲಿನ್ ಚುಚ್ಚುಮದ್ದನ್ನು ಆಗಾಗ ಕೊಡುವ ಬದಲು ಸತತವಾಗಿ ಹರಿಸಿದಾಗ ಎದೆಮೂಳೆಯ ಆಳದ ಸೋಂಕು ನೂರಕ್ಕೆ 2.0ರಿಂದ 0.8ಕ್ಕೆ ಇಳಿಯಿತು. ಮಲಗಿದ ರೋಗಿಯ ಸಕ್ಕರೆಯನ್ನು ಥಿಯೇಟರಿನೊಳಗೆ ನೋಡುವವರೂ ಅರಿವಳಿಕೆಯವರೇ. ಆಪರೇಷನ್ನಿನ ಹಿಂದಿನ ರಾತ್ರಿ ಎದೆ, ಕಾಲುಗಳನ್ನು ಬ್ಲೇಡಿನಿಂದ ಕೆರೆದು ಕೂದಲು ತೆಗೆಯುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿಯೇ ಬೇಡವೆಂದಿದೆ. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಕೂರುತ್ತದೆ. ತೆಗೆಯಲೇಬೇಕಾದರೆ ಕ್ಲಿಪ್ಪರ್ ಯಂತ್ರದಿಂದ ಕತ್ತರಿಸಬೇಕು.

ಈಗ ನನ್ನ ತಕರಾರಿನ ಮೂಲಕ್ಕೆ ಬರುತ್ತೇನೆ. ನನ್ನ ಅಕ್ಕನನ್ನು ಹಳೇಬೀಡಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ಅರವತ್ತು ದಾಟಿದ್ದಾಳೆ, ಸಕ್ಕರೆ ಕಾಯಿಲೆ ಹದಿನೈದು ವರ್ಷದ್ದು. ಕೆಲವು ವರ್ಷದ ಹಿಂದೆ ದೂರದ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಬೈಪಾಸ್ ಆಯಿತು. ಒಂಬತ್ತನೆಯ ದಿನ ಮನೆಗೆ ಬಂದಳು. ಹದಿನಾರನೆಯ ದಿನ ಎದೆಯ ಗಾಯದ ಕೆಳತುದಿಯಲ್ಲಿ ನೀರು ಒಸರಿತು. ಹದಿನೆಂಟನೆಯ ದಿನ ಕೀವು. ಮತ್ತೆ ಅದೇ ಆಸ್ಪತ್ರೆ, ಮತ್ತೆ ಥಿಯೇಟರು, ಮೂಳೆಯ ಹತ್ತಿರದವರೆಗೆ ತೆರೆದು ತೊಳೆದರು, ಸ್ನಾಯುವನ್ನು ಎಳೆದು ಮುಚ್ಚಿದರು. ಐದು ವಾರ ಅಲ್ಲೇ. ತೋಟದ ಎರಡು ವರ್ಷದ ಕೊಬ್ಬರಿ ಹಣ ಹೋಯಿತು. ಜೀವ ಉಳಿಯಿತು, ಸಂತೋಷ. ಆದರೆ ಆ ಐದು ವಾರಗಳಲ್ಲಿ ಹಳ್ಳಿಯ ಮನೆಯಲ್ಲಿ ಇನ್ನೊಂದು ವಿಚಾರಣೆ ನಡೆಯಿತು.

'ನಂಜು ಆಗಿದೆ' ಎಂದರು. ನಂಜು ಎಂಬ ಮಾತು ನಮ್ಮ ಕಡೆ ಎಷ್ಟು ಅಗಲವಾದದ್ದೆಂದು ನಿಮಗೆ ಗೊತ್ತೇ ಇದೆ. ಬದನೆಕಾಯಿ ನಂಜು, ಅಲಸಂದೆ ನಂಜು, ಹುಳಿ ನಂಜು, ಮೈಲಿಗೆ ನಂಜು. ಅಕ್ಕನ ಸೊಸೆ ಹನ್ನೊಂದನೆಯ ದಿನ ಬದನೆಕಾಯಿ ಹುಳಿ ಬಡಿಸಿದ್ದಳಂತೆ. ತೀರ್ಪಾಯಿತು. ನೋಡಲು ಬಂದ ನೆಂಟರೆಲ್ಲ ಆ ಹುಡುಗಿಯ ಎದುರಿಗೇ ಅದನ್ನು ಹೇಳಿದರು. ಆಸ್ಪತ್ರೆಯಲ್ಲಿ ಒಬ್ಬರು, 'ಮನೆಯಲ್ಲಿ ಶುಚಿಯಾಗಿ ಇಟ್ಟುಕೊಳ್ಳಲಿಲ್ಲವೇನಮ್ಮ?' ಎಂದು ಅವಳನ್ನೇ ಕೇಳಿದರು. ದಿನಕ್ಕೆರಡು ಬಾರಿ ಬಿಸಿನೀರಿನಲ್ಲಿ ಬಟ್ಟೆ ಕುದಿಸಿದ, ಅತ್ತೆಯನ್ನು ಮಗುವಿನ ಹಾಗೆ ಎತ್ತಿ ಕೂರಿಸಿದ ಹುಡುಗಿ ಮೂಲೆಯಲ್ಲಿ ಕೂತು ಅತ್ತಳು. ಎದೆಮೂಳೆಯ ಆಳದಲ್ಲಿ ಬೆಳೆಯುವ ರೋಗಾಣುವಿಗೆ ಬದನೆಕಾಯಿ ಗೊತ್ತಿಲ್ಲ. ಅದು ಚರ್ಮದ ಮೇಲಿಂದಲೋ, ಮೂಗಿನಿಂದಲೋ, ಯಾರದೋ ಕೈಯಿಂದಲೋ, ಕೊಳವೆಯ ತುದಿಯಿಂದಲೋ ಗಾಯಕ್ಕೆ ಇಳಿಯುತ್ತದೆ. ಹಲವು ಸಲ ಗಾಯ ತೆರೆದಿದ್ದ ಆ ಕೆಲವು ಗಂಟೆಗಳಲ್ಲಿಯೇ. ಮನೆಗೆ ಬಂದ ಮೇಲೆ ಕಾಣಿಸಿಕೊಂಡಿತು ಎಂದ ಮಾತ್ರಕ್ಕೆ ಮನೆಯಲ್ಲಿ ಹುಟ್ಟಿತು ಎಂದಲ್ಲ.

ಅಕ್ಕನ ಫೈಲನ್ನು ನಾನು ನಿಘಂಟು ಪಕ್ಕಕ್ಕಿಟ್ಟುಕೊಂಡು ಎರಡು ರಾತ್ರಿ ಓದಿದೆ. ಔಷಧದ ಪಟ್ಟಿ ಉದ್ದವಾಗಿತ್ತು, ಬಿಲ್ಲು ಇನ್ನೂ ಉದ್ದ. ಆಂಟಿಬಯಾಟಿಕ್ ಕೊಟ್ಟ ಗಂಟೆ ಅದರಲ್ಲಿರಲಿಲ್ಲ. ಥಿಯೇಟರಿನಲ್ಲಿ ಸಕ್ಕರೆ ಎಷ್ಟಿತ್ತು ಎಂಬುದಿರಲಿಲ್ಲ. ಅರಿವಳಿಕೆಯವರ ಹೆಸರಿನ ಜಾಗದಲ್ಲಿ ಒಂದು ಗೀಚು. ಕೇಳಿದರೆ, 'ಅವತ್ತು ಡ್ಯೂಟಿಯಲ್ಲಿದ್ದವರು ಮೇಡಂ' ಎಂಬ ಉತ್ತರ. ಅವರಿಂದಲೇ ಸೋಂಕು ಆಯಿತೆಂದು ನಾನು ಹೇಳುತ್ತಿಲ್ಲ. ಅವರು ಎಲ್ಲವನ್ನೂ ಸರಿಯಾಗಿಯೇ ಮಾಡಿರಬಹುದು. ಅಕ್ಕನ ಸಕ್ಕರೆಯೇ ಕಾರಣವಾಗಿರಬಹುದು. ನನ್ನ ಸಿಟ್ಟು ಇಷ್ಟೇ: ಅಲ್ಲಿ ಏನು ನಡೆಯಿತೆಂಬುದಕ್ಕೆ ನಮ್ಮ ಕೈಗೆ ಒಂದು ಸಾಲಿನ ಲೆಕ್ಕ ಸಿಗದೆ, ಇಲ್ಲಿ ಒಬ್ಬ ಹುಡುಗಿ ಮಾಡಿದ ಸಾರಿನ ಲೆಕ್ಕ ಮಾತ್ರ ಇಡೀ ಊರಿಗೆ ಸಿಕ್ಕಿತು. ತಿಳಿವಳಿಕೆ ಇಲ್ಲದ ಕಡೆ ಆಪಾದನೆ ಹರಿದು ಹೋಗಿ ನಿಲ್ಲುವುದು ತಗ್ಗಿನಲ್ಲಿ. ಮನೆಯೊಳಗೆ ಆ ತಗ್ಗು ಯಾರೆಂದು ಬೇರೆ ಹೇಳಬೇಕೆ?

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ಎದೆಯ ನಡುವೆ ಹೊಲಿದ ಗಾಯವನ್ನು ಹೆಂಗಸರ ಸ್ತನಗಳ ಭಾರ ಎರಡೂ ಕಡೆಗೆ ಎಳೆಯುತ್ತದೆ. ಕೆಳಗಿನ ಮಡಿಕೆಯಲ್ಲಿ ಬೆವರು ನಿಲ್ಲುತ್ತದೆ. ಮೈ ತುಂಬಿದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯೂ ಇದ್ದರೆ, ಗಾಯ ಬಿಟ್ಟುಕೊಳ್ಳುವ, ಸೋಂಕಾಗುವ ಸಂಭವ ಹೆಚ್ಚು. ಅದಕ್ಕಾಗಿ ಮುಂದುಗಡೆ ಗುಂಡಿಯಿರುವ, ಭಾರ ಹೊರುವ ಒಳಉಡುಪನ್ನು ಹಗಲೂ ರಾತ್ರಿಯೂ ಹಾಕಿಕೊಳ್ಳಲು ಎಷ್ಟೋ ಕಡೆ ಹೇಳುತ್ತಾರೆ. ಅಕ್ಕನಿಗೆ ಯಾರೂ ಹೇಳಲಿಲ್ಲ. ವಾರ್ಡಿನಲ್ಲಿ ಸುತ್ತಲೂ ಗಂಡಸರು, ಕೇಳಲು ಇವಳಿಗೆ ನಾಚಿಕೆ, ಹೇಳಲು ಅವರಿಗೆ ಪುರುಸೊತ್ತಿಲ್ಲ. ಗಾಯ ಗುಣವಾಗುವುದಕ್ಕೆ ನಾಚಿಕೆ ಅಡ್ಡ ಬರಬಾರದು.

'ಡಾಕ್ಟರಿಗೆ ಗೊತ್ತಿಲ್ಲವೇ, ನಾವೇನು ಕೇಳುವುದು?' ಎಂಬುದು ನಮ್ಮವರ ಮೊದಲ ಆಕ್ಷೇಪ. ಚಿನ್ನದಂಗಡಿಯಲ್ಲಿ ಕಾಲು ಗ್ರಾಂ ವೇಸ್ಟೇಜಿಗೆ ಅರ್ಧ ಗಂಟೆ ಜಗ್ಗಾಡುತ್ತೇವೆ, ಹಾಲ್‌ಮಾರ್ಕ್ ಎಲ್ಲಿ ಎಂದು ಕನ್ನಡಕ ಹಾಕಿ ಹುಡುಕುತ್ತೇವೆ. ಸೀರೆಯ ಜರಿಯನ್ನು ಉಗುರಿನಲ್ಲಿ ಕೆರೆದು ನೋಡುತ್ತೇವೆ. ಸಂತೆಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಕೊಳ್ಳುವುದಿಲ್ಲ. ಎದೆ ಸೀಳುವ ಕಾಗದಕ್ಕೆ ಮಾತ್ರ, ಇಂಗ್ಲಿಷಿನಲ್ಲಿರುವ ನಾಲ್ಕು ಪುಟಕ್ಕೆ, 'ಎಲ್ಲಿ ಸಹಿ ಹಾಕಬೇಕು ಹೇಳಿ' ಎನ್ನುತ್ತೇವೆ. ಇದು ನಂಬಿಕೆಯಲ್ಲ, ಕಣ್ಣು ಮುಚ್ಚಿಕೊಳ್ಳುವುದು.

ಸಹಿ ಎಷ್ಟು ದೊಡ್ಡ ವಿಷಯವೆಂದು ತಿಳಿಯಲು ಒಂದು ಮೊಕದ್ದಮೆ ಸಾಕು. ದೆಹಲಿಯ ಸಮೀರಾ ಕೊಹ್ಲಿ ಎಂಬ ಹೆಣ್ಣುಮಗಳು ಹೊಟ್ಟೆಯೊಳಗೆ ನೋಡುವ ಪರೀಕ್ಷೆಗೆಂದು ಸಹಿ ಹಾಕಿ ಅರಿವಳಿಕೆಗೆ ಒಳಗಾದರು. ಅವರು ಪ್ರಜ್ಞೆಯಿಲ್ಲದೆ ಮಲಗಿರುವಾಗಲೇ ಹೊರಗಿದ್ದ ತಾಯಿಯ ಸಹಿ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದುಬಿಟ್ಟಿದ್ದರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದು ಸಮ್ಮತಿಯಲ್ಲ ಎಂದಿತು. ಪ್ರಾಯಕ್ಕೆ ಬಂದ ರೋಗಿಯ ಪರವಾಗಿ, ಜೀವಕ್ಕೆ ತತ್‌ಕ್ಷಣದ ಅಪಾಯವಿಲ್ಲದಾಗ, ಇನ್ನೊಬ್ಬರು ಒಪ್ಪಿಗೆ ಕೊಡಲಾಗದು. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿ ಇವನ್ನು ಸಾಕಷ್ಟು ತಿಳಿಸಿಯೇ ಸಹಿ ಪಡೆಯಬೇಕು ಎಂದು ಹೇಳಿತು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲಿದೆ. ಅರಿವಳಿಕೆಯ ಚಾರ್ಟು ಎಂಬ ಒಂದು ಹಾಳೆ ಆ ದಾಖಲೆಗಳಲ್ಲೊಂದು. ಯಾವ ಮದ್ದು, ಎಷ್ಟು, ಎಷ್ಟು ಗಂಟೆಗೆ ಎಂಬುದೆಲ್ಲ ಅದರಲ್ಲಿ ಇರಬೇಕು. ಬಿಡುಗಡೆಯಾಗುವಾಗ ಅದರ ನಕಲು ಕೇಳಿ. ಬಿಲ್ಲಿಗಿಂತ ಅದು ಬೆಲೆಯುಳ್ಳದ್ದು.

'ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೆ' ಎಂಬುದು ಎರಡನೆಯ ಆಕ್ಷೇಪ. ಸಿಟ್ಟಾಗುವವರು ಇದ್ದಾರೆ. ಆದರೆ ಮೂವತ್ತು ವರ್ಷ ತರಗತಿಯಲ್ಲಿ ನಿಂತು ನಾನು ಕಂಡುಕೊಂಡ ಸತ್ಯವೊಂದಿದೆ: ಪಾಠ ಬರುವ ಮೇಷ್ಟರಿಗೆ ಪ್ರಶ್ನೆ ಕಂಡರೆ ಖುಷಿ, ಬಾರದವರಿಗೆ ಸಿಟ್ಟು. ನಯವಾಗಿ ಕೇಳಿದರೆ ಒಳ್ಳೆಯ ಅರಿವಳಿಕೆ ತಜ್ಞರು ಸಂತೋಷದಿಂದ ಹೇಳುತ್ತಾರೆ, ಏಕೆಂದರೆ ಅವರನ್ನು ಯಾರೂ ಕೇಳುವುದೇ ಇಲ್ಲ. ಕೇಳುವುದು ಬೇರೆ, ಕೂಗಾಡುವುದು ಬೇರೆ. ಆಸ್ಪತ್ರೆಯ ಗಾಜು ಒಡೆಯುವವರ ಪಕ್ಷ ನನ್ನದಲ್ಲ. ಒಬ್ಬರೇ ತಜ್ಞರು ಬೆಳಗಿನಿಂದ ರಾತ್ರಿಯವರೆಗೆ ಒಂದಾದ ಮೇಲೊಂದು ಆಪರೇಷನ್ನಿಗೆ ಓಡುವಂತೆ ಮಾಡಿಟ್ಟಿರುವ ಆಡಳಿತಗಳನ್ನೂ ಕೇಳಬೇಕು. ದಣಿದ ಕೈ ತೊಳೆಯುವುದನ್ನು ಮರೆಯುತ್ತದೆ.

ನಮ್ಮ ಕಡೆಯ ತಪ್ಪುಗಳೂ ಇವೆ. ತೀವ್ರ ನಿಗಾ ಘಟಕದ ಹೊರಗೆ ಇಡೀ ಊರು ಸೇರುವುದೇಕೆ? ಬಸ್ಸಿನ ಕಂಬಿ ಹಿಡಿದ ಕೈಯಲ್ಲೇ ರೋಗಿಯ ಕೆನ್ನೆ ಸವರುವುದೇಕೆ? ದೇವರ ಪ್ರಸಾದವೆಂದು ಕುಂಕುಮ, ವಿಭೂತಿಯನ್ನು ಹೊಲಿಗೆಯ ಪಕ್ಕಕ್ಕೇ ಹಚ್ಚುವುದು ಯಾವ ಭಕ್ತಿ? ಚೆನ್ನಕೇಶವನಾಗಲಿ, ಮಾಲೇಕಲ್ಲಿನ ತಿಮ್ಮಪ್ಪನಾಗಲಿ ಬೇಡವೆಂದರೂ ನಾವು ಕೇಳುವುದಿಲ್ಲ. ಪ್ರಸಾದ ಮನೆಯ ದೇವರಗೂಡಿನಲ್ಲಿರಲಿ. ನೋಡಲು ಹೋಗುವವರು ಮೂರು ವಾರ ಬಿಟ್ಟು ಹೋಗಲಿ.

ಸರ್ಕಾರಕ್ಕೂ ಒಂದು ಮಾತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತದ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುವಂತಾದದ್ದು ದೊಡ್ಡ ಉಪಕಾರ. 2018ರಿಂದ ಇರುವ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡವರ ಬೈಪಾಸಿಗೂ ಹಣ ಬರುತ್ತದೆ. ಹಣ ಕೊಡುವವರಿಗೆ ಷರತ್ತು ಹಾಕುವ ಅಧಿಕಾರವೂ ಇದೆಯಲ್ಲವೆ? ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ತಜ್ಞರು ರೋಗಿಯನ್ನೂ ಮನೆಯವರನ್ನೂ ಕೂರಿಸಿ ಹತ್ತು ನಿಮಿಷ ಮಾತಾಡಲಿ. ಎಷ್ಟು ಆಪರೇಷನ್ ಮಾಡಿದೆವು ಎಂದು ಫಲಕ ಹಾಕುವ ಆಸ್ಪತ್ರೆಗಳು ಎಷ್ಟು ಗಾಯಗಳಲ್ಲಿ ಸೋಂಕಾಯಿತು ಎಂದೂ ಅದೇ ಫಲಕದಲ್ಲಿ ಬರೆಯಲಿ. ಅದು ಬರುವವರೆಗೆ ಬಾಯಿಯೇ ನಮ್ಮ ಫಲಕ.

ಆದ್ದರಿಂದ ತಾಯಂದಿರೆ, ಅಕ್ಕತಂಗಿಯರೆ, ಈ ಪ್ರಶ್ನೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಿಡಿ. ಅರಿವಳಿಕೆ ಕೊಡುವವರು ಯಾರು, ಅವರನ್ನು ಮೊದಲೇ ನೋಡಬಹುದೆ? ಯಾವ ಮದ್ದು ಕೊಡುತ್ತೀರಿ, ಇವರ ಹೃದಯಕ್ಕೆ ಅದೇ ಏಕೆ? ಬಾಟಲಿ, ಸಿರಿಂಜು ಒಬ್ಬರಿಗೇ ತಾನೆ? ಆಂಟಿಬಯಾಟಿಕ್ ಎಷ್ಟು ಗಂಟೆಗೆ ಕೊಡುತ್ತೀರಿ, ಬರೆದಿಡುತ್ತೀರಾ? ಒಳಗೆ ಸಕ್ಕರೆಯನ್ನು ಯಾರು ನೋಡುತ್ತಾರೆ? ಕೂದಲನ್ನು ಬ್ಲೇಡಿನಲ್ಲಿ ತೆಗೆಯುವುದಿಲ್ಲ ತಾನೆ? ಹೆಂಗಸಾದರೆ ಎದೆಯ ಗಾಯಕ್ಕೆ ಆಸರೆ ಏನು? ಮನೆಗೆ ಬಂದ ಮೇಲೆ ಏನು ಕಂಡರೆ ಅದೇ ದಿನ ವಾಪಸು ಬರಬೇಕು? ಇಷ್ಟನ್ನು ಕೇಳಲು ಡಿಗ್ರಿ ಬೇಡ. ಉತ್ತರ ಬರೆದುಕೊಳ್ಳಲು ಮಗಳ ನೋಟುಬುಕ್ಕಿನ ಒಂದು ಹಾಳೆ ಸಾಕು.

ಕೊನೆಯದಾಗಿ, ಯಾರ ಮನೆಯಲ್ಲಾದರೂ ಗಾಯ ಒಸರಿತು ಎಂದು ಕೇಳಿದಾಗ, 'ಏನು ತಿನ್ನಿಸಿದಿರಿ?' ಎಂದು ಸೊಸೆಯ ಕಡೆ ತಿರುಗುವ ಮಾತನ್ನು ನಾವು ಹೆಂಗಸರೇ ಮೊದಲು ಬಿಡಬೇಕು. 'ಜ್ವರ ಇದೆಯೆ? ಗಾಯ ಕೆಂಪಾಗಿದೆಯೆ? ಡಾಕ್ಟರಿಗೆ ಫೋನ್ ಮಾಡಿದಿರಾ?' ಎಂದು ಕೇಳೋಣ. ಅಕ್ಕನ ಮನೆಯಲ್ಲಿ ಈಗಲೂ ಬದನೆಕಾಯಿ ತರುವುದಿಲ್ಲ. ಆ ಹುಡುಗಿ ಸಂತೆಯಲ್ಲಿ ಅದರ ರಾಶಿ ಕಂಡರೆ ಸುತ್ತು ಹಾಕಿ ಹೋಗುತ್ತಾಳೆ. ಅವಳ ಮೇಲಿನ ಆ ಆಪಾದನೆಯನ್ನು ಹೊರಿಸಿದವರಲ್ಲಿ ಒಬ್ಬರೂ ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.